ಸಾವಿರ ರೂಪಾಯಿಯ ಕ್ರಿಪ್ಟೊ: ಹಾಕುವ ಮೊದಲು ತೆಗೆಯುವುದನ್ನು ಕಲಿಯಿರಿ

ಬಿಟ್‌ಕಾಯಿನ್‌ಗೆ ಒಂದು ಸಾವಿರ ಹಾಕಿ ನೋಡೋಣವೇ? ಬೆಂಗಳೂರಿನ ಜೋಗುಪಾಳ್ಯದಂಥ ಬಡಾವಣೆಯಲ್ಲಿ ಈ ಪ್ರಶ್ನೆ ಬರುವುದು ಸಹಜ. ಒಂದು ಪಕ್ಕಕ್ಕೆ ಇಂದಿರಾನಗರದ ಸ್ಟಾರ್ಟಪ್ ಹುಡುಗರು, ಇನ್ನೊಂದು ಪಕ್ಕಕ್ಕೆ ಚೀಟಿ ಹಾಕಿ ಹಾಕಿ ದುಡ್ಡು ಕೂಡಿಸಿದ ಹಲಸೂರಿನ ಸಂಸಾರಗಳು. ಒಬ್ಬರು ‘ಡಬಲ್ ಆಯ್ತು’ ಅನ್ನುತ್ತಾರೆ, ಇನ್ನೊಬ್ಬರು ‘ಅದೆಲ್ಲ ಮೋಸ’ ಅನ್ನುತ್ತಾರೆ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋದರೆ ಹೋಗಲಿ ಅನ್ನುವಷ್ಟು ದುಡ್ಡಾದರೆ, ಕಲಿಯುವುದಕ್ಕೆ ಹಾಕಬಹುದು. ಸಂಪಾದನೆಗೆ ಅಂತ ಆದರೆ ಬೇಡ. ಹಾಕುವುದೇ ಆದರೆ, ಹಾಕಿದ ದುಡ್ಡು ವಾಪಸ್ ಬರುವ ದಾರಿಯನ್ನು ಮೊದಲು ನೋಡಿಕೊಳ್ಳಬೇಕು.

ಆ ದಾರಿ ಎಷ್ಟು ಮುಖ್ಯ ಅನ್ನುವುದಕ್ಕೆ ಉದಾಹರಣೆ ಹತ್ತಿರದಲ್ಲೇ ಇದೆ. ದೊಮ್ಮಲೂರು ದಾಟಿ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಹೋದರೆ, ದೊಡ್ಡ ಶಿವನ ವಿಗ್ರಹದ ಬಳಿ ಕೆಂಪ್‌ಫೋರ್ಟ್ ಮಾಲ್ ಇದೆಯಲ್ಲ, 2018ರ ಅಕ್ಟೋಬರ್‌ನಲ್ಲಿ ಅಲ್ಲಿಗೆ ಎಟಿಎಂನಂಥ ಒಂದು ಯಂತ್ರ ಬಂತು. ಇಟ್ಟಿದ್ದು ಯುನೊಕಾಯಿನ್ ಎಂಬ ಬೆಂಗಳೂರಿನ ಕ್ರಿಪ್ಟೊ ಕಂಪನಿ. ಅದೇ ವರ್ಷ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್, ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದೆಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬ್ಯಾಂಕಿನ ದಾರಿ ಮುಚ್ಚಿತ್ತು. ಅದಕ್ಕೇ, ಗ್ರಾಹಕರು ನೋಟು ಕಟ್ಟಲಿ, ನೋಟು ಪಡೆಯಲಿ ಎಂದು ಕಂಪನಿ ಈ ಯಂತ್ರ ಇಟ್ಟಿತು. ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ವಶಪಡಿಸಿಕೊಂಡು ಕಂಪನಿಯ ಇಬ್ಬರು ಸಂಸ್ಥಾಪಕರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು. ಇವತ್ತು ಕ್ರಿಪ್ಟೊ ಕೊಳ್ಳುವುದು ಅಪರಾಧವಲ್ಲ. ಆದರೆ ಅದು ರೂಪಾಯಿಯಂತೆ ಚಲಾವಣೆಯ ಹಣವೂ ಅಲ್ಲ.

ಭಯಪಡಬೇಡಿ. ಒಂದೊಂದೇ ಹಂತ ನೋಡೋಣ. ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಹಂತ 1: ಮನೆಯ ಲೆಕ್ಕ ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. ಕ್ರೆಡಿಟ್ ಕಾರ್ಡ್ ಬಾಕಿ, ಕೈಸಾಲ, ಅಡವಿಟ್ಟ ಚಿನ್ನ, ಕಟ್ಟಬೇಕಾದ ಚೀಟಿ ಎಲ್ಲವನ್ನೂ ಬರೆಯಿರಿ. ಕಾರ್ಡ್ ಬಾಕಿ ಇದ್ದರೆ ನಿಮ್ಮ ಸಾವಿರ ರೂಪಾಯಿ ಅಲ್ಲಿಗೇ ಹೋಗಲಿ. ತಪ್ಪಿದ ಬಡ್ಡಿಯೇ ಲಾಭ. ಮೂರು ನಾಲ್ಕು ತಿಂಗಳ ಬಾಡಿಗೆ, ದಿನಸಿ, ಸ್ಕೂಲ್ ಫೀಸಿಗೆ ಆಗುವಷ್ಟು ಹಣ ಬ್ಯಾಂಕಿನಲ್ಲಿ ಇಲ್ಲದಿದ್ದರೂ ಇಲ್ಲಿಗೇ ನಿಲ್ಲಿಸಿ.

*ಎಚ್ಚರ:* ಸಾಲ ಮಾಡಿ, ಲೋನ್ ಆ್ಯಪ್‌ನಿಂದ ತೆಗೆದು ಕ್ರಿಪ್ಟೊಗೆ ಹಾಕುವುದು ಯಾವ ಕಾರಣಕ್ಕೂ ಬೇಡ.

ಹಂತ 2: ಮೊತ್ತವನ್ನು ಬರೆದಿಡಿ

1,000 ರೂಪಾಯಿ ಸಾಕು. ಅದರ ಕೆಳಗೇ ‘230’ ಎಂದೂ ಬರೆಯಿರಿ. ಯಾಕೆಂದರೆ, 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಮುಟ್ಟಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16,000ಕ್ಕಿಂತ ಕೆಳಗಿಳಿಯಿತು. ಡಾಲರ್ ಲೆಕ್ಕದಲ್ಲಿ ಸಾವಿರಕ್ಕೆ ಉಳಿದದ್ದು ಹೆಚ್ಚು ಕಡಿಮೆ 230. ಆಮೇಲೆ ಏರಿದ್ದೂ ನಿಜ. 2024ರ ಡಿಸೆಂಬರ್‌ನಲ್ಲಿ ಅದು ಮೊದಲ ಸಲ ಒಂದು ಲಕ್ಷ ಡಾಲರ್ ದಾಟಿತು. ಆದರೆ ನಡುವಿನ ಆ ಎರಡು ವರ್ಷ ನೀವು ಮಾರದೆ ಕೂತಿರುತ್ತಿದ್ದಿರಾ? ಹಾಳೆಯ ಮೇಲಿನ 230 ನೋಡಿ ಹೊಟ್ಟೆ ತೊಳಸಿದಂತಾದರೆ ಮೊತ್ತ ಇಳಿಸಿ. ಹೆಚ್ಚಿನ ಆ್ಯಪ್‌ಗಳಲ್ಲಿ 100 ರೂಪಾಯಿಗೂ ಕೊಳ್ಳಬಹುದು.

ಹಂತ 3: ತೆರಿಗೆಯ ಲೆಕ್ಕ ಮೊದಲೇ ಹಾಕಿ

ಹೊಸಬರು ಇದನ್ನು ಕೊನೆಗೆ ನೋಡುತ್ತಾರೆ. ನೀವು ಈಗಲೇ ನೋಡಿ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಒಟ್ಟು ಶೇ 31.2. ನಿಮ್ಮ ಸಂಬಳ ತೆರಿಗೆ ಮಿತಿಗಿಂತ ಕಡಿಮೆ ಇದ್ದರೂ ಇದೇ ದರ.

ಬಿಟ್‌ಕಾಯಿನ್‌ನಲ್ಲಿ ನಿಮಗೆ 200 ರೂಪಾಯಿ ಲಾಭ ಬಂತು ಅನ್ನಿ. ಅದೇ ವರ್ಷ ಬೇರೊಂದು ಕಾಯಿನ್‌ನಲ್ಲಿ 300 ಕಳೆದುಕೊಂಡಿರಿ. ಕೈಲೆಕ್ಕದಲ್ಲಿ 100 ರೂಪಾಯಿ ನಷ್ಟ. ಸರ್ಕಾರದ ಲೆಕ್ಕದಲ್ಲಿ ಹಾಗಲ್ಲ: ಆ 200ಕ್ಕೆ 62 ರೂಪಾಯಿ 40 ಪೈಸೆ ತೆರಿಗೆ ಕಟ್ಟಬೇಕು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಆ್ಯಪ್‌ನ ಶುಲ್ಕವನ್ನೂ ಖರ್ಚಿಗೆ ಹಾಕುವಂತಿಲ್ಲ. ಕೊಂಡ ಬೆಲೆ ಮಾತ್ರ ಕಳೆಯಬಹುದು. ಇದರ ಜೊತೆಗೆ 2022ರ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇ 1 ಟಿಡಿಎಸ್ ಹಿಡಿಯುವ ನಿಯಮವಿದೆ.

ದಿನಾ ಕೊಂಡು ದಿನಾ ಮಾರುವ ಆಸೆ ಇದ್ದವರಿಗೆ ಈ ಲೆಕ್ಕವೇ ಉತ್ತರ: ಸಣ್ಣ ದುಡ್ಡಿನಲ್ಲಿ ಅದು ಗಿಟ್ಟುವುದಿಲ್ಲ.

ಹಂತ 4: ಎಕ್ಸ್‌ಚೇಂಜ್ ಆರಿಸಿ

ರೂಪಾಯಿ ಕೊಟ್ಟು ಕ್ರಿಪ್ಟೊ ಕೊಳ್ಳುವ ಆ್ಯಪ್‌ಗೆ ಎಕ್ಸ್‌ಚೇಂಜ್ ಎನ್ನುತ್ತಾರೆ. 2023ರ ಮಾರ್ಚ್‌ನಿಂದ ಇವು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬರುತ್ತವೆ. ಕೇಂದ್ರದ ಹಣಕಾಸು ಗುಪ್ತಚರ ಘಟಕವಾದ ಎಫ್‌ಐಯು-ಇಂಡಿಯಾದಲ್ಲಿ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದ್ದನ್ನು ಮುಟ್ಟಬೇಡಿ.

*ಎಚ್ಚರ:* ನೋಂದಣಿ ಇದೆ ಅಂದರೆ ನಿಮ್ಮ ಹಣಕ್ಕೆ ಗ್ಯಾರಂಟಿ ಇದೆ ಅಂತಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಕ್ರಿಪ್ಟೊಗೆ ಅಂಥದ್ದಿಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಗ್ರಾಹಕರ ಕ್ರಿಪ್ಟೊ ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಸಿಕ್ಕಿಕೊಂಡಿತ್ತು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್‌ನಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಅದು ಕಂಪನಿಯ ಸ್ವಂತ ಖಾತೆಯ ಹಣ, ಗ್ರಾಹಕರದ್ದಲ್ಲ ಎಂದು ಕಂಪನಿ ಹೇಳಿತು.

ಹಂತ 5: ಆ್ಯಪ್ ಇಳಿಸಿ, ಕೆವೈಸಿ ಮುಗಿಸಿ

ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ತೆರೆದು ಹೆಸರು ಟೈಪ್ ಮಾಡಿ, ಕಂಪನಿಯ ಹೆಸರು ಸರಿಯಿದೆಯೇ ನೋಡಿ, ಆಮೇಲೆ ಇನ್‌ಸ್ಟಾಲ್ ಮಾಡಿ. ಪ್ಯಾನ್, ಆಧಾರ್, ಒಂದು ಸೆಲ್ಫಿ ಕೇಳುತ್ತಾರೆ; ಕೊಡಿ. ಬ್ಯಾಂಕ್ ಖಾತೆ ನಿಮ್ಮ ಹೆಸರಿನದ್ದೇ ಇರಲಿ. ಪ್ಯಾನ್‌ನಲ್ಲಿ ಇನಿಶಿಯಲ್ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ ಇದ್ದರೆ ಇಲ್ಲೇ ತಕರಾರು ಬರುತ್ತದೆ. ಅದನ್ನು ಸರಿಪಡಿಸಿಕೊಂಡೇ ಮುಂದೆ ಹೋಗಿ.

*ಎಚ್ಚರ:* ಕೆವೈಸಿಗೆ ಸಹಾಯ ಮಾಡುತ್ತೇನೆ ಎಂದು ಫೋನ್ ಮಾಡಿ ಎನಿಡೆಸ್ಕ್‌ನಂಥ ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸುವವರು ಕಳ್ಳರು. ಫೋನ್ ಇಟ್ಟುಬಿಡಿ.

ಹಂತ 6: ಬೀಗ ಹಾಕಿ

ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ತೆರೆಯಿರಿ. ಟೂ-ಫ್ಯಾಕ್ಟರ್ ಆನ್ ಮಾಡಿ. ಎಸ್‌ಎಂಎಸ್ ಒಟಿಪಿಗಿಂತ ಗೂಗಲ್ ಅಥೆಂಟಿಕೇಟರ್ ವಾಸಿ. ಆನ್ ಮಾಡುವಾಗ ಎಕ್ಸ್‌ಚೇಂಜ್ ಆ್ಯಪ್ ತೋರಿಸುವ ಬ್ಯಾಕಪ್ ಕೋಡ್ ಅನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಡಿ. ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಲ್ಲಿ ಇಟ್ಟರೆ, ಫೋನ್ ಹೋದ ದಿನ ಕೋಡೂ ಅದರ ಜೊತೆ ಹೋಗುತ್ತದೆ.

ಹಂತ 7: 500 ರೂಪಾಯಿ ಕಳಿಸಿ

ಸಾವಿರವನ್ನೂ ಒಮ್ಮೆಗೇ ಕಳಿಸಬೇಡಿ. ಆ್ಯಪ್‌ನಲ್ಲಿ ‘ಡೆಪಾಸಿಟ್’ ಒತ್ತಿ, ಅದು ತೋರಿಸುವ ಯುಪಿಐ ಅಥವಾ ಬ್ಯಾಂಕ್ ವಿವರಕ್ಕೆ ನಿಮ್ಮದೇ ಖಾತೆಯಿಂದ 500 ಕಳಿಸಿ.

*ಎಚ್ಚರ:* ಟೆಲಿಗ್ರಾಂನಲ್ಲಿ ‘ಯುಎಸ್‌ಡಿಟಿ ಕಡಿಮೆ ರೇಟಿಗೆ’ ಎಂದು ಡಾಲರ್ ಬೆಲೆಯ ಕಾಯಿನ್ ಮಾರುವ, ಕೊಳ್ಳುವ ಅಪರಿಚಿತರ ಜೊತೆ ಪಿ2ಪಿ, ಅಂದರೆ ನೇರ ವ್ಯವಹಾರ ಬೇಡ. ನೀವು ಅವರಿಗೆ ಮಾರಿದಾಗ ಆ ಕಡೆಯಿಂದ ನಿಮ್ಮ ಖಾತೆಗೆ ಬರುವ ದುಡ್ಡು ಯಾರದೋ ವಂಚನೆಯ ದುಡ್ಡಾಗಿದ್ದರೆ, ಯಾವುದೋ ರಾಜ್ಯದ ಪೊಲೀಸರ ಸೂಚನೆಯ ಮೇಲೆ ನಿಮ್ಮ ಸಂಬಳದ ಖಾತೆಯೇ ಫ್ರೀಜ್ ಆಗಬಹುದು.

ಹಂತ 8: ಕೊಳ್ಳಿ

ಮೊದಲ ಸಲಕ್ಕೆ ಬಿಟ್‌ಕಾಯಿನ್ ಒಂದನ್ನೇ ನೋಡಿ. ಇಡೀ ಬಿಟ್‌ಕಾಯಿನ್ ಕೊಳ್ಳಬೇಕಿಲ್ಲ. ಒಂದು ಬಿಟ್‌ಕಾಯಿನ್ ಅಂದರೆ 10 ಕೋಟಿ ಸತೋಶಿ. ಬೆಲೆ 80 ಲಕ್ಷ ಇದ್ದ ದಿನ 500 ರೂಪಾಯಿಗೆ 6,250 ಸತೋಶಿ ಬರುತ್ತದೆ. ‘ಒಂದು ಕಾಯಿನ್ ಬರೀ ಪೈಸೆಗೆ ಸಿಗುತ್ತೆ, ಲಕ್ಷ ಕಾಯಿನ್ ತಗೊಳ್ಳೋಣ’ ಎನ್ನುವ ಆಸೆಗೆ ಹೊಸಬರು ಬೀಳುವುದು ಇಲ್ಲೇ. ಕಾಯಿನ್‌ಗಳ ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಬೆಲೆ ಬರುವುದಿಲ್ಲ.

‘ಬೈ’ ಒತ್ತುವ ಮೊದಲು ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ನೋಡಿ. ಸಿಎಂಎಚ್ ರಸ್ತೆಯ ಚಿನ್ನದಂಗಡಿಯಲ್ಲಿ ಇವತ್ತು ಕೊಂಡ ಉಂಗುರವನ್ನು ಇವತ್ತೇ ಮಾರಲು ಹೋದರೆ ಅಷ್ಟೇ ದುಡ್ಡು ಸಿಗುತ್ತದೆಯೇ? ಇಲ್ಲೂ ಹಾಗೆಯೇ. ವ್ಯತ್ಯಾಸ ಶೇ 2 ದಾಟಿದ್ದರೆ ಆ ಆ್ಯಪ್ ಬಿಡಿ.

ಹಂತ 9: ಮಾರಿ, ಹಣ ಬ್ಯಾಂಕಿಗೆ ತನ್ನಿ

ಇಡೀ ಪಾಠದ ಮುಖ್ಯ ಹಂತ ಇದು. ಬೆಲೆ ಏರಿರಲಿ, ಇಳಿದಿರಲಿ, ಒಂದೆರಡು ದಿನದಲ್ಲಿ ಅಷ್ಟನ್ನೂ ಮಾರಿ. ‘ವಿತ್‌ಡ್ರಾ’ ಒತ್ತಿ. ನಿಮ್ಮ ಬ್ಯಾಂಕಿನ ಎಸ್‌ಎಂಎಸ್ ಬರುವವರೆಗೆ ಕಾಯಿರಿ.

ಬೆಲೆ ಒಂದಿಷ್ಟೂ ಬದಲಾಗಿಲ್ಲ, ಶುಲ್ಕ ಶೇ 0.5 ಅಂತ ಇಟ್ಟುಕೊಂಡು ಲೆಕ್ಕ ಹಾಕೋಣ. ಕೊಳ್ಳುವಾಗ ಶುಲ್ಕ ಎರಡೂವರೆ ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಹತ್ತಿರ ಹತ್ತಿರ 3 ರೂಪಾಯಿ. ಮಾರುವಾಗ ಮತ್ತೆ 3. ಟಿಡಿಎಸ್ ಸುಮಾರು 5. ಕೈಗೆ ಬರುವುದು 489ರ ಆಸುಪಾಸು. ಟಿಡಿಎಸ್‌ನ 5 ರೂಪಾಯಿ ರಿಟರ್ನ್ ಸಲ್ಲಿಸಿದರೆ ಲೆಕ್ಕಕ್ಕೆ ಸಿಗುತ್ತದೆ, ಉಳಿದ 6 ರೂಪಾಯಿ ಹೋಯಿತು. ಆರು ರೂಪಾಯಿಗೆ ಇಷ್ಟು ಕಲಿತಿರಿ, ಅಗ್ಗವೇ ಆಯಿತು.

ಹಣ ಬಂದರೆ ಆ್ಯಪ್ ಮೊದಲ ಪರೀಕ್ಷೆ ಪಾಸು. ಬರಲಿಲ್ಲ, ‘ಮೊದಲು ತೆರಿಗೆ ಕಟ್ಟಿ, ಆಮೇಲೆ ವಿತ್‌ಡ್ರಾ’ ಎಂದು ಹಣ ಕೇಳಿದರು ಅಂದರೆ ಅದು ನಕಲಿ ಆ್ಯಪ್. ಟಿಡಿಎಸ್ ಮಾರಾಟದಲ್ಲೇ ಕಡಿತವಾಗುತ್ತದೆ, ಬಾಕಿ ತೆರಿಗೆಯನ್ನು ನೀವು ನೇರ ಸರ್ಕಾರಕ್ಕೆ ಕಟ್ಟುತ್ತೀರಿ. ಆ್ಯಪ್‌ನವರ ಕೈಗೆ ಮುಂಗಡ ಕೊಡುವ ಪದ್ಧತಿಯೇ ಇಲ್ಲ.

ಹಾಕಿದ ಹಣ ವಾಪಸ್ ಬರದಿದ್ದರೆ ಏನಾಗುತ್ತದೆ ಎಂದು ಕಂಟೋನ್ಮೆಂಟಿನ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. 2019ರ ಜೂನ್‌ನಲ್ಲಿ ಶಿವಾಜಿನಗರದ ಐಎಂಎ ಎಂಬ ಹೂಡಿಕೆ ಕಂಪನಿ ಬಾಗಿಲು ಮುಚ್ಚಿದಾಗ ದೂರು ಕೊಡಲು ಸಾವಿರಾರು ಜನ ಸಾಲುಗಟ್ಟಿದ್ದರು. ಅದು ಕ್ರಿಪ್ಟೊ ಅಲ್ಲ. ಆದರೆ ‘ತಿಂಗಳಿಗೆ ಇಷ್ಟು ಖಂಡಿತ’ ಎಂಬ ಮಾತು ಅಲ್ಲೂ ಇತ್ತು, ಇವತ್ತಿನ ಕ್ರಿಪ್ಟೊ ಗ್ರೂಪುಗಳಲ್ಲೂ ಇದೆ. ಖಂಡಿತ ಲಾಭ ಎಂದವರ ಹತ್ತಿರ ಒಂದು ರೂಪಾಯಿಯೂ ಹಾಕಬೇಡಿ.

ಹಂತ 10: ಬೇಕೆನಿಸಿದರೆ ಮತ್ತೆ ಕೊಳ್ಳಿ, ಆ್ಯಪ್ ಮುಚ್ಚಿ

ಈಗ ಹಂತ 2ರಲ್ಲಿ ಬರೆದ ಮೊತ್ತದೊಳಗೆ ಕೊಳ್ಳಬಹುದು. ಕೊಂಡ ಮೇಲೆ ನೋಟಿಫಿಕೇಶನ್ ಆಫ್ ಮಾಡಿ. ‘ಫ್ಯೂಚರ್ಸ್’, ‘ಲೆವರೇಜ್’ ಎಂಬ ಗುಂಡಿಗಳ ಕಡೆ ಹೋಗಬೇಡಿ; ಅಲ್ಲಿ ಸಾಲದ ಬಲದ ಮೇಲೆ ಆಡುತ್ತಾರೆ, ಹಾಕಿದ್ದೆಲ್ಲ ನಿಮಿಷದಲ್ಲಿ ಖಾಲಿಯಾಗಬಹುದು. ಸ್ವಂತ ವಾಲೆಟ್‌ಗೆ ಕಾಯಿನ್ ಸಾಗಿಸುವ ವಿದ್ಯೆ ಸಾವಿರ ರೂಪಾಯಿಗೆ ಬೇಕಿಲ್ಲ. ಮುಂದೆ ಕಲಿತರೂ ಒಂದು ನೆನಪಿರಲಿ: ವಾಲೆಟ್ ಕೊಡುವ 12 ಅಥವಾ 24 ಪದಗಳ ಸಾಲು ಯಾರ ಕೈಗೆ ಸಿಕ್ಕಿತೋ ಕಾಯಿನ್ ಅವರದ್ದು. ಕಳೆದುಕೊಂಡರೆ ತೆಗೆದುಕೊಡಲು ಯಾವ ಬ್ರಾಂಚ್ ಮ್ಯಾನೇಜರೂ ಇಲ್ಲ.

ಹಂತ 11: ಲೆಕ್ಕ ಬರೆಯಿರಿ, ರಿಟರ್ನ್ ಸಲ್ಲಿಸಿ

ಒಂದು ಪುಸ್ತಕದಲ್ಲಿ ಪ್ರತಿ ವ್ಯವಹಾರಕ್ಕೆ ಒಂದು ಸಾಲು: ತಾರೀಖು, ಕೊಂಡ ಬೆಲೆ, ಮಾರಿದ ಬೆಲೆ, ಶುಲ್ಕ, ಟಿಡಿಎಸ್. ಮಾರಿದ ವರ್ಷ ಐಟಿಆರ್-1 ನಡೆಯುವುದಿಲ್ಲ. ಐಟಿಆರ್-2 ಅಥವಾ ವ್ಯಾಪಾರವಿದ್ದರೆ ಐಟಿಆರ್-3ರಲ್ಲಿ ಕ್ರಿಪ್ಟೊ ವಿವರ ಬರೆಯುವ ‘ಶೆಡ್ಯೂಲ್ ವಿಡಿಎ’ ತುಂಬಬೇಕು. ಸಣ್ಣ ಮೊತ್ತ ಯಾರಿಗೆ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ಟಿಡಿಎಸ್ ಹಿಡಿದದ್ದು ನಿಮ್ಮ ಪ್ಯಾನ್ ಮೇಲೆ ಫಾರ್ಮ್ 26ಎಎಸ್‌ನಲ್ಲಿ ಕಾಣುತ್ತದೆ. ಆಡಿಟರಿಗೆ ಕೊಡಬೇಕಾದ ಫೀಸು ನಿಮ್ಮ ಲಾಭಕ್ಕಿಂತ ಹೆಚ್ಚಾದೀತು, ಅದನ್ನೂ ಎಣಿಸಿಕೊಳ್ಳಿ.

ಹಂತ 12: ಮೋಸವಾದರೆ ತಡಮಾಡಬೇಡಿ

ನಾಚಿಕೆ ಬೇಡ, ಭಯವೂ ಬೇಡ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ. ಆಮೇಲೆ ಹಣ ಕಳಿಸಿದ್ದರ ಯುಟಿಆರ್ ನಂಬರ್, ಸ್ಕ್ರೀನ್‌ಶಾಟ್, ಚಾಟ್ ಎಲ್ಲ ಇಟ್ಟುಕೊಂಡು ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಅಥವಾ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ‘ಹೋದ ದುಡ್ಡು ತೆಗೆಸಿಕೊಡುತ್ತೇವೆ, ಫೀಸು ಕೊಡಿ’ ಎಂದು ಆಮೇಲೆ ಬರುವವರು ಎರಡನೇ ಕಳ್ಳರು.

ಹಾಗಾದರೆ ಹಾಕಬೇಕೇ?

ಹಂತ 1ರಲ್ಲೇ ನಿಂತವರು ಏನನ್ನೂ ಕಳೆದುಕೊಂಡಿಲ್ಲ. ಹಂತ 9ರವರೆಗೆ ಬಂದು ಹಣ ವಾಪಸ್ ತಂದವರು ಬೇಕಾದ್ದನ್ನು ಕಲಿತಾಯಿತು. ಅಲ್ಲಿಗೇ ಬಿಟ್ಟರೂ ಸರಿ. ಮುಂದುವರಿಯುವವರು ಬರೆದಿಟ್ಟ ಮೊತ್ತ ದಾಟದಿದ್ದರೆ ಸಾಕು. ಮಗಳ ಕಾಲೇಜು ಫೀಸು, ಮನೆಯ ಲೀಸಿನ ಹಣ, ಮುಪ್ಪಿನ ಕಾಲದ ಉಳಿತಾಯಕ್ಕೆ ಆರ್‌ಡಿ, ಪಿಪಿಎಫ್‌ಗಳೇ ಇರಲಿ. ನಿಮ್ಮ ಸಾವಿರ ಬೆಳೆದು ಎರಡು ಸಾವಿರವಾದ ದಿನ ಯಾರಾದರೂ ‘ಇನ್ನೂ ಹತ್ತು ಸಾವಿರ ಹಾಕು’ ಎಂದರೆ, ಹಾಕುವ ಮೊದಲು ಒಂದು ಸಾವಿರವನ್ನು ಬ್ಯಾಂಕಿಗೆ ತನ್ನಿ.