ದೂರದಿಂದ ಅಕ್ಷರಾಭ್ಯಾಸ

ನಾಗಪುರದ ಶಾಲೆಗಳಲ್ಲಿ ಮರಾಠಿ, ಹಿಂದಿಗಳನ್ನು ಕಲಿಯುವ ಕನ್ನಡಿಗರ ಮಕ್ಕಳಿಗೆ ಹ್ರಸ್ವ ಎ, ಒ ಸ್ವರಗಳು ತೊಡಕಾಗುವುದು ಸಹಜ. ಆ ಭಾಷೆಗಳ ಸಾಮಾನ್ಯ ಬರವಣಿಗೆಯಲ್ಲಿ ಈ ಹ್ರಸ್ವ-ದೀರ್ಘ ಭೇದವಿಲ್ಲ. ‘ಕೊಡು’ ಎಂಬುದು ‘ಕೋಡು’ ಆದರೆ ಅರ್ಥವೇ ಕೆಡುತ್ತದೆ. ಧಾರವಾಡದಲ್ಲಿರುವ ಅಜ್ಜಿಯೊಡನೆ ವಿಡಿಯೋ ಕರೆಯಲ್ಲಿ ಮಾತನಾಡಿದರೆ ಉಚ್ಚಾರಣೆ ಸುಧಾರಿಸೀತು, ಬರವಣಿಗೆ ಸುಧಾರಿಸದು. ಅದಕ್ಕೆ 2006ರಲ್ಲಿ ಬಂದ ಗೂಗಲ್ ಡಾಕ್ಸ್‌ನಂತಹ ಸಾಧನ ಒದಗುತ್ತದೆ. ಮಗು ಇಲ್ಲಿ ಬರೆದ ಸಾಲನ್ನು ಅಜ್ಜಿ ಅಲ್ಲಿಂದಲೇ ತಿದ್ದಬಹುದು. ಯಾರು, ಯಾವಾಗ ತಿದ್ದಿದರೆಂಬುದು ಲೆಕ್ಕದ ಪುಸ್ತಕದ ನಮೂದಿನಂತೆ ಉಳಿಯುತ್ತದೆ. ಕಣ್ಣಿನ ಆಯಾಸ ಕಳೆಯಲು 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಹಿತಕರ. ಅಕ್ಷರ ಬಲ್ಲ ಮಗುವಿಗೆ ಮಾತ್ರವೇ ಮನೆಯ ಹಳೆಯ ಪತ್ರಗಳು ಆಸ್ತಿಯಾಗಿ ದಕ್ಕುವುವು.