ಒಮ್ಮೆ ಸುಟ್ಟರೆ ಮೂರು ಹೊತ್ತು

ಕಳೆದ ತಿಂಗಳು ಅಮ್ಮಿ ಜ್ವರದಿಂದ ಹತ್ತು ದಿನ ಮಲಗಿದ್ದರು. ಅಬ್ಬಾ ನಸುಕಿನಲ್ಲೇ ಕೆಲಸಕ್ಕೆ ಹೋಗುತ್ತಾರೆ. ಗಬ್ಬೂರಿನ ನಮ್ಮ ಮನೆಯಲ್ಲಿ ನಾಲ್ಕು ಜನರ ಅಡುಗೆ ನನ್ನ ಪಾಲಿಗೆ ಬಂತು. ಅಮ್ಮಿ ಮಲಗಿದಲ್ಲಿಂದಲೇ ಕಲಿಸಿದ ಪಾಠವಿದು.

ಬೇಕಾಗುವುದು: ದೊಡ್ಡ ಬದನೆಕಾಯಿ 2, ಟೊಮೆಟೊ 4, ಹಸಿಮೆಣಸಿನಕಾಯಿ 5, ಬೆಳ್ಳುಳ್ಳಿ, ಉಪ್ಪು.

ಬದನೆಕಾಯಿಗೆ ನಾಲ್ಕೈದು ಕಡೆ ಚಾಕುವಿನಿಂದ ಚುಚ್ಚಿ, ಎಣ್ಣೆ ಸವರಿ, ಗ್ಯಾಸಿನ ಮೇಲೆ ತಿರುಗಿಸುತ್ತಾ ಸುಡಿ. ಮೊದಲ ದಿನ ನಾನು ಚುಚ್ಚಲು ಮರೆತೆ. ಒಳಗಿನ ಆವಿಗೆ ದಾರಿಯಿಲ್ಲದೆ ಕಾಯಿ ಪಟ್ಟನೆ ಒಡೆಯಿತು! ಸಿಪ್ಪೆ ಕಪ್ಪಾಗಿ ಕಾಯಿ ಮೆತ್ತಗಾದ ಮೇಲೆ ಹತ್ತು ನಿಮಿಷ ಮುಚ್ಚಿಡಿ. ಸಿಪ್ಪೆ ಸಲೀಸಾಗಿ ಬಿಡುತ್ತದೆ. ಟೊಮೆಟೊ, ಮೆಣಸಿನಕಾಯಿಯನ್ನೂ ಸುಟ್ಟು, ಬೆಳ್ಳುಳ್ಳಿ, ಉಪ್ಪು ಸೇರಿಸಿ ಕಿವುಚಿ. ಇದನ್ನು ಮೂರು ಪಾಲು ಮಾಡಿ.

ಬೆಳಿಗ್ಗೆ: ಈರುಳ್ಳಿ ಹುರಿದು ಎರಡು ಮೊಟ್ಟೆ ಒಡೆದು ಹಾಕಿ, ಒಂದು ಪಾಲು ಬೆರೆಸಿ. ಚಪಾತಿಯೊಳಗೆ ಸುತ್ತಿದರೆ ಕಾಲೇಜಿನ ಡಬ್ಬಿ ತಯಾರು.

ಮಧ್ಯಾಹ್ನ: ಮೊಸರು, ಕೊತ್ತಂಬರಿ ಬೆರೆಸಿದರೆ ಅನ್ನಕ್ಕೆ ಪಚಡಿ.

ರಾತ್ರಿ: ಸಾಸಿವೆ ಒಗ್ಗರಣೆ, ಶೇಂಗಾ ಪುಡಿ ಹಾಕಿ ಚೆನ್ನಾಗಿ ಕುದಿಸಿದರೆ ಜೋಳದ ರೊಟ್ಟಿಗೆ ಭರ್ತಾ.

ಫ್ರಿಜ್ಜಿನಲ್ಲಿಡಿ, ಅದೇ ದಿನ ಮುಗಿಸಿ. ಕಾಮರ್ಸ್ ಲೆಕ್ಕದಲ್ಲಿ ಹೇಳುವುದಾದರೆ, ಸುಡುವ ಗ್ಯಾಸು, ಸಮಯ ಒಂದೇ ಸಲದ ಖರ್ಚು. ಅದು ಮೂರು ಊಟಕ್ಕೆ ಹಂಚಿಹೋಗುತ್ತದೆ. ಉಳಿದ ಹೊತ್ತಿನಲ್ಲಿ ಅಕೌಂಟೆನ್ಸಿ ಓದಿದೆ.

ಏಳನೆಯ ದಿನ ಅಮ್ಮಿ ಅರ್ಧ ರೊಟ್ಟಿ ತಿಂದು, "ನಮಕ್ ಕಮ್ ಹೈ" ಅಂದರು. ಅಷ್ಟು ದಿನ ಅವರಿಗೆ ಯಾವ ರುಚಿಯೂ ತಿಳಿಯುತ್ತಿರಲಿಲ್ಲ. ನಾನು ಓಡಿಹೋಗಿ ಉಪ್ಪು ತಂದೆ.