ಗಾಜಿನ ಜಾಡಿಯಲ್ಲಿ ಬಿಗೋನಿಯಾ

ಒಂದೇ ಖೋಲಿಯಲ್ಲಿ ನಾಲ್ಕೈದು ಜನ ವಾಸಿಸುವ ನಮಗೆ ಹೂದೋಟವೆಂಬುದು ಊರಿನ ನೆನಪು ಮಾತ್ರ. ಕಿಟಕಿಯಲ್ಲಿ ತುಳಸಿ ನೆಟ್ಟರೆ ಎದುರಿನ ಕಟ್ಟಡವು ಬಿಸಿಲನ್ನು ನುಂಗಿಬಿಡುತ್ತದೆ. ಗುಲಾಬಿಯ ಗತಿಯೂ ಅದೇ. ಆದರೆ ಮಬ್ಬು ಬೆಳಕಿನಲ್ಲಿಯೇ ಸೊಗಸಾಗಿ ಬಾಳುವ ಗಿಡವೊಂದುಂಟು. ಅದೇ ಬಿಗೋನಿಯಾ.

ಇದು ನಮಗೆ ತೀರ ಅಪರಿಚಿತವಲ್ಲ. ಮಲೆನಾಡಿನ ಮನೆಗಳ ಜಗಲಿಯಲ್ಲಿ ಬಣ್ಣದ ಎಲೆಯ ಬಿಗೋನಿಯಾ ಕುಂಡಗಳನ್ನು ಹಲವರು ಕಂಡಿರಬಹುದು. ಮಳೆಗಾಲದಲ್ಲಿ ಬೋರಿವಲಿಯ ಕಾಡಿಗೆ ಹೋದರೆ ನೀರು ಜಿನುಗುವ ಬಂಡೆಗಳ ಮೇಲೆ ಇದರ ಒಂದು ಕಾಡುಜಾತಿ ನಸುಗೆಂಪು ಹೂ ಬಿಟ್ಟು ನಿಂತಿರುತ್ತದೆ. ಎಲೆಯ ಒಂದು ಪಕ್ಕ ದೊಡ್ಡದು, ಇನ್ನೊಂದು ಪಕ್ಕ ಚಿಕ್ಕದು; ಇದೇ ಬಿಗೋನಿಯಾದ ಗುರುತು. ಜಗತ್ತಿನಲ್ಲಿ ಇದರ 2000ಕ್ಕೂ ಹೆಚ್ಚು ಜಾತಿಗಳು ತಿಳಿದುಬಂದಿವೆ. ಮಲೇಷಿಯದ ಬೆಟ್ಟಗಳಲ್ಲಿ ನವಿಲಿನ ಬಣ್ಣದಂತೆ ನೀಲಿ ಹೊಳೆಯುವ ಎಲೆಯ ಅಪರೂಪದ ಜಾತಿಯೂ ಇದೆ. ಎಲೆಯ ಒಳಗಿನ ಹಸಿರು ಕಣಗಳ ಪದರಗಳು ವಿಶೇಷ ಜೋಡಣೆಯಲ್ಲಿರುವುದರಿಂದ ಆ ಹೊಳಪು ಬರುತ್ತದೆಂದೂ, ಕಾಡಿನ ಮಬ್ಬಿನಲ್ಲಿ ಸಿಕ್ಕಷ್ಟು ಬೆಳಕನ್ನು ಹಿಡಿಯಲು ಅದು ನೆರವಾಗುತ್ತದೆಂದೂ ವಿಜ್ಞಾನಿಗಳು 2016ರಲ್ಲಿ ವಿವರಿಸಿದರು.

ಬೆಳಕು ಕಡಿಮೆಯಾದರೂ ಸಾಕು. ಆದರೆ ಗಾಳಿಯಲ್ಲಿ ತೇವ ಬೇಕು. ಬೇರು ಮಾತ್ರ ನೀರಿನಲ್ಲಿ ನಿಲ್ಲಬಾರದು. ಮುಂಬಯಿಯ ಮಳೆಗಾಲ ಇದಕ್ಕೆ ಒಪ್ಪುತ್ತದೆ. ಚಳಿಗಾಲದ ಒಣಗಾಳಿಯೂ ತಲೆಯ ಮೇಲಿನ ಪಂಖೆಯೂ ಎಲೆಯ ಅಂಚನ್ನು ಸುಡುತ್ತವೆ. ಇದಕ್ಕೆ ಗಾಜಿನ ಜಾಡಿಯೇ ಉಪಾಯ.

ಈ ಉಪಾಯ ಆಕಸ್ಮಿಕವಾಗಿ ದೊರೆತದ್ದು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬವರು ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಸೀಸೆಯಲ್ಲಿಟ್ಟು ಮುಚ್ಚಿದ್ದರು. ಅದರೊಳಗೆ ಜರಿಗಿಡ ಮೊಳೆತು, ಹೊಸದಾಗಿ ನೀರು ಹಾಕದಿದ್ದರೂ ವರ್ಷಗಟ್ಟಲೆ ಬದುಕಿತು. ಆವಿಯಾದ ನೀರು ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅವರ ಗಾಜಿನ ಪೆಟ್ಟಿಗೆಗಳು ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಹೋದವು; ಗಿಡಗಳು ಜೀವಂತವಾಗಿ ತಲಪಿದವು. ಮುಂದೆ ಚೀನದ ಚಹಾ ಗಿಡಗಳು ಹಿಮಾಲಯದ ತೋಟಗಳಿಗೆ ಬಂದುದೂ ಇಂಥ ಪೆಟ್ಟಿಗೆಗಳಲ್ಲಿಯೇ.

ಇನ್ನು ಮಾಡುವ ಕ್ರಮ. ಅಗಲ ಬಾಯಿಯ ಬಿಸ್ಕತ್ತಿನ ಜಾಡಿಯನ್ನು ತೊಳೆದು ಒಣಗಿಸಿರಿ. ತಳದಲ್ಲಿ ಒಂದು ಅಂಗುಲ ಸಣ್ಣ ಕಲ್ಲು, ಅದರ ಮೇಲೆ ಸ್ವಲ್ಪ ಇದ್ದಿಲ ಚೂರು, ಆಮೇಲೆ ಎರಡು ಅಂಗುಲ ಎಲೆಗೊಬ್ಬರ, ಮರಳು, ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಅಷ್ಟೇ ತೇವ ಸಾಕು. ಆರಂಭಕ್ಕೆ ಅಸ್ಸಾಮಿನ ಕಡೆಯ ಮೂಲದ ರೆಕ್ಸ್ ಬಿಗೋನಿಯಾ ಒಳ್ಳೆಯದು. ಬಲಿತ ಎಲೆಯೊಂದರ ಹಿಂಬದಿಯ ದಪ್ಪ ನರಗಳನ್ನು ಅಲ್ಲಲ್ಲಿ ಕೊಯ್ದು, ಆ ಬದಿಯನ್ನು ಕೆಳಗೆ ಮಾಡಿ ಮಣ್ಣಿಗೆ ತಾಗಿಸಿ, ಮೇಲೆ ಸಣ್ಣ ಕಲ್ಲುಗಳನ್ನಿಡಿರಿ. ಒಂದೆರಡು ತಿಂಗಳಲ್ಲಿ ಕೊಯ್ದ ಜಾಗಗಳಲ್ಲಿ ಮರಿಗಳು ಏಳುತ್ತವೆ. ಗಾಜು ದಿನವಿಡೀ ಮಂಜುಗಟ್ಟಿದ್ದರೆ ನೀರು ಹೆಚ್ಚಾಯಿತೆಂದು ತಿಳಿದು ಕೆಲವು ಗಂಟೆ ಮುಚ್ಚಳ ತೆರೆಯಿರಿ. ಬೆಳಿಗ್ಗೆಯೂ ಮಂಜಿಲ್ಲದಿದ್ದರೆ ಎರಡು ಚಮಚ ನೀರು ಹಾಕಿರಿ. ಕೊಳೆತ ಎಲೆಯನ್ನು ಕೂಡಲೆ ತೆಗೆಯಿರಿ.

ನಮ್ಮಿಂದಾದ ತಪ್ಪನ್ನೂ ಹೇಳಬೇಕು. ನಮ್ಮ ಸದಸ್ಯರೊಬ್ಬರು ತಾಯಿ ಬೆಳೆಸಿದ್ದ ಗಿಡವನ್ನು ಊರಿನಿಂದ ತಂದಿದ್ದರು. ತಾಯಿ ತೀರಿಕೊಂಡಿದ್ದರು, ಊರಿನ ಮನೆಯೂ ಬೇರೆಯವರ ಪಾಲಾಗಿತ್ತು. ಆ ಗಿಡಕ್ಕೆ ಬೆಳಕಾಗಲೆಂದು ಮುಚ್ಚಿದ ಜಾಡಿಯನ್ನು ನಾವೇ ಕಿಟಕಿಯ ಬಿಸಿಲಿನಲ್ಲಿಟ್ಟೆವು. ಒಂದೇ ಮಧ್ಯಾಹ್ನದಲ್ಲಿ ಅದು ಬೇಯಿಸಿದ ಸೊಪ್ಪಿನಂತಾಯಿತು. ಮುಚ್ಚಿದ ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಂಡು ಕಾವನ್ನು ಹೊರಗೆ ಬಿಡುವುದಿಲ್ಲವೆಂಬುದು ನಮಗೆ ಹೊಳೆದಿರಲಿಲ್ಲ. ಬದಿಯಲ್ಲಿ ಬಾಗಿದ್ದ ಒಂದೆಲೆ ಅರ್ಧ ಉಳಿದಿತ್ತು. ಅದನ್ನೇ ಮೇಲೆ ಹೇಳಿದಂತೆ ಕೊಯ್ದು ನೆಟ್ಟೆವು. ಏಳನೆಯ ವಾರ ಮೂರು ಮರಿಗಳು ಕಂಡವು. ಅವರು ಏನೂ ಮಾತನಾಡಲಿಲ್ಲ. ಬಹಳ ಹೊತ್ತು ಜಾಡಿಯ ಮುಂದೆ ಕುಳಿತಿದ್ದರು.

ಆದುದರಿಂದ ಜಾಡಿಯನ್ನು ನೇರ ಬಿಸಿಲಿಗೆ ಇಡಬಾರದು. ನೀರಿನ ಮಡಕೆಯ ಪಕ್ಕದ ತಂಪು ಮೂಲೆ ಉತ್ತಮ. ಕತ್ತಲೆ ಹೆಚ್ಚಿದ್ದರೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಎಲ್‌ಇಡಿ ದೀಪ ಸಾಕು. ಇನ್ನೊಂದು ಮಾತು: ಬೋರಿವಲಿಯ ಕಾಡಿನಿಂದ ಗಿಡವನ್ನು ಕೀಳಬೇಡಿರಿ. ಅದು ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಅಪರಾಧ. ಅಪರೂಪದ ಜಾತಿಗಳು ಒಂದೊಂದು ಬೆಟ್ಟದಲ್ಲಿ ಮಾತ್ರ ಇರುತ್ತವೆ. ಕಿತ್ತರೆ ಮತ್ತೆಲ್ಲಿಯೂ ಸಿಗವು. ಒಂದೆಲೆಯಿಂದ ಹತ್ತು ಗಿಡವಾಗುವಾಗ ಕೀಳುವುದೇಕೆ?

ಆ ಮೂರು ಮರಿಗಳಲ್ಲಿ ಒಂದು ಈಗ ನಮ್ಮ ವಾಚನಾಲಯದ ಮೇಜಿನ ಮೇಲಿದೆ. ತೊಳೆದ ಜಾಡಿಯೊಂದಿಗೆ ಬರುವ ಸದಸ್ಯರಿಗೆ ಅದರ ಎಲೆ ಸರದಿಯಂತೆ ಸಿಗುತ್ತದೆ.